ಫರ್ಹಾ ಬರೆದ ಬೋನಸ್ ನಿಯಮ

ಐರ್ಲೆಂಡಿನ ಟಾಲಾ ಎಂಬಲ್ಲಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಫರ್ಹಾ ನೌಕರರ ಬೇಕು ಬೇಡಗಳನ್ನು ನೋಡಿಕೊಳ್ಳುತ್ತಾಳೆ. ಬೆಂಗಳೂರಿನ ನೀಲಸಂದ್ರದಲ್ಲಿ ಬೆಳೆದವಳು. ಗಂಡ ಅತೀಫನ ಜೊತೆ ಐರ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ಕಂಪನಿಯಲ್ಲಿ ಇರುವುದು ಮೂವತ್ತೊಂದು ಜನ. ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂದು ತೋರಿಸುವ ಸಾಫ್ಟ್‌ವೇರ್ ಅವರದು.

ಹೋದ ವರ್ಷ ಲೆಟರ್‌ಕೆನ್ನಿ ಆಸ್ಪತ್ರೆಯ ಕೆಲಸ ಮುಗಿದಾಗ ಮಾಲೀಕ ಫೆರ್ಗಲ್ ಖುಷಿಯಿಂದ ಬೋನಸ್ ಘೋಷಿಸಿದ. ಯಾರ್‍ಯಾರಿಗೆ ಎಂದು ಕೇಳಿದರೆ ಐದು ಹೆಸರು ಹೇಳಿದ. ಐವರೂ ಕೋಡ್ ಬರೆದವರು. ಫರ್ಹಾ ಆ ಪಟ್ಟಿಯನ್ನು ಟೈಪ್ ಮಾಡಿ ಎಲ್ಲರಿಗೂ ಕಳಿಸಿದಳು. ಅನಸೂಯಾ ಅವರ ಹೆಸರಿಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು. ಆದರೂ ಬಾಯಿ ಬಿಡಲಿಲ್ಲ.

ಅನಸೂಯಾ ಮೈಸೂರಿನವರು, ಐವತ್ತರ ಹತ್ತಿರದ ವಯಸ್ಸು. ಹನ್ನೊಂದು ವಾರ, ಪ್ರತಿ ಸೋಮವಾರ ಬಸ್ಸಿನಲ್ಲಿ ಲೆಟರ್‌ಕೆನ್ನಿಗೆ ಹೋಗಿ ಶುಕ್ರವಾರ ಮರಳುತ್ತಿದ್ದರು. ಹೊಸ ಕಂಪ್ಯೂಟರ್ ಪರದೆ ಕಂಡರೆ ಮುಖ ಸಿಂಡರಿಸುತ್ತಿದ್ದ ನರ್ಸ್‌ಗಳ ಪಕ್ಕ ಕೂತು ಒಬ್ಬೊಬ್ಬರಿಗೂ ಕಲಿಸಿದ್ದರು. ಪಟ್ಟಿ ಬಂದ ಮರುದಿನ ರಾಜೀನಾಮೆ ಪತ್ರ ತಂದು ಫರ್ಹಾಳ ಮೇಜಿನ ಮೇಲಿಟ್ಟರು.

"ದುಡ್ಡಿಗಲ್ಲಮ್ಮ. ನಾನೂ ಆ ಪ್ರಾಜೆಕ್ಟ್‌ನಲ್ಲಿ ಇದ್ದೆ ಅನ್ನೋದೇ ಯಾರಿಗೂ ನೆನಪಿಲ್ವಲ್ಲ."

ಫರ್ಹಾ ಕೂತಲ್ಲಿಂದ ಎದ್ದಳು. "ನನಗೆ ನೆನಪಿತ್ತು. ಕೇಳೋ ಧೈರ್ಯ ಮಾಡ್ಲಿಲ್ಲ. ಒಂದು ತಿಂಗಳು ಟೈಮ್ ಕೊಡ್ತೀರಾ?"

ಅನಸೂಯಾ ಆಗಲಿ ಎಂದರು. ಪತ್ರವನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡರು.

ಅಂದೇ ಫರ್ಹಾ ಫೆರ್ಗಲ್‌ನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೆಟ್ಟವನಲ್ಲ, ಮರೆತಿದ್ದ. ತಾನೇ ಹೋಗಿ ಅನಸೂಯಾ ಅವರ ಕ್ಷಮೆ ಕೇಳಿ, ಅವರ ಪಾಲನ್ನೂ ಕೊಟ್ಟ. "ನನ್ನ ನೆನಪನ್ನು ನಂಬಿದರೆ ಹೀಗೇ ಆಗುತ್ತದೆ. ನೀನೇ ಒಂದು ನಿಯಮ ಬರೆ," ಎಂದ.

ಮೊದಲು ಅವಳು ಬರೆದದ್ದು ಅಂಕಗಳ ಪಟ್ಟಿ: ಈ ಕೆಲಸಕ್ಕೆ ಐದು, ಆ ಕೆಲಸಕ್ಕೆ ಮೂರು. ಮೀಟಿಂಗ್‌ನಲ್ಲಿ ಓದಿದ ಅರ್ಧ ಗಂಟೆಯಲ್ಲೇ ಅಂಕಕ್ಕಾಗಿ ಜಗಳ ಎದ್ದಿತು. ಮನೆಗೆ ಬಂದು, "ಇದ್ದ ಸ್ನೇಹಾನೂ ಕೆಡಿಸಿಬಿಟ್ಟೆ," ಎಂದು ಅತೀಫನ ಮುಂದೆ ಕಣ್ಣೀರಿಟ್ಟಳು.

"ಅಂಕ ಕೊಡೋ ಮೊದ್ಲು ಅವರನ್ನ ಕೇಳಿದ್ಯಾ?" ಎಂದ ಅತೀಫ್.

ಕೇಳಿರಲಿಲ್ಲ. ಮುಂದಿನ ಎರಡು ವಾರ ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದಳು: ಯಾರು ಇಲ್ಲದಿದ್ದರೆ ನಿನ್ನ ಕೆಲಸ ನಿಂತುಹೋಗುತ್ತಿತ್ತು? ಕೋಡ್ ಬರೆಯುವವರಲ್ಲೇ ಚುರುಕಾದ ಶಶಾಂಕ್ ಮೊದಲು "ಯಾರೂ ಇಲ್ಲ" ಎಂದ. ಕಪ್ ಖಾಲಿಯಾಗುವಷ್ಟರಲ್ಲಿ ಮೂರು ಹೆಸರು ಹೇಳಿದ್ದ. ಅದರಲ್ಲಿ ಅನಸೂಯಾ ಒಬ್ಬರು.

ಎರಡನೆಯ ನಿಯಮ ಒಂದೇ ಪುಟಕ್ಕೆ ನಿಂತಿತು. ಕೆಲಸ ಶುರುವಾಗುವ ದಿನವೇ ಮೊತ್ತವನ್ನೂ ಹೆಸರುಗಳನ್ನೂ ಹೇಳಬೇಕು. ಪಾಲು ದುಡಿದ ವಾರಗಳ ಲೆಕ್ಕದಲ್ಲಿ, ಹುದ್ದೆಯ ಲೆಕ್ಕದಲ್ಲಲ್ಲ. ಕಾಯಿಲೆಗೋ ಹೆರಿಗೆಗೋ ರಜೆ ಹಾಕಿದವರ ಪಾಲು ಕತ್ತರಿಸುವಂತಿಲ್ಲ. ಬೋನಸ್‌ನಲ್ಲಿ ಅರ್ಧ, ಕೆಲಸ ಪೂರ್ತಿ ಮುಗಿದಾಗ. ಉಳಿದರ್ಧ ಮೂರು ತಿಂಗಳ ನಂತರ, ಆಸ್ಪತ್ರೆಯವರು ಸಾಫ್ಟ್‌ವೇರನ್ನು ನಿಜವಾಗಿ ಬಳಸುತ್ತಿದ್ದರೆ ಮಾತ್ರ.

"ನನಗೆ ಕಮ್ಮಿ ಆಗುತ್ತಲ್ಲ?" ಎಂದ ಶಶಾಂಕ್. "ವೀಕೆಂಡೆಲ್ಲ ಕೂತು ಮಾಡಿದ್ದೀನಿ ನಾನು."

"ಕಮ್ಮಿ ಆಗುತ್ತೆ, ಸುಳ್ಳು ಹೇಳಲ್ಲ. ವೀಕೆಂಡ್ ಕೆಲಸಕ್ಕೆ ಬೇರೆ ರಜೆ ಕೊಡಿಸ್ತೀನಿ. ಅದನ್ನ ಬೋನಸ್‌ನಲ್ಲಿ ಕಲಸೋದು ಬೇಡ."

"ಒಂದು ಪ್ರಾಜೆಕ್ಟ್ ನೋಡ್ತೀನಿ," ಎಂದು ಅವನು ಎದ್ದುಹೋದ.

ಆ ಪ್ರಾಜೆಕ್ಟ್ ಡ್ರೋಹೆಡಾ ಆಸ್ಪತ್ರೆಯದು. ಉಳಿದರ್ಧ ನರ್ಸ್‌ಗಳ ಕೈಯಲ್ಲಿದೆ ಎಂದು ಅರಿತ ಶಶಾಂಕ್, ಬುಧವಾರಗಳಂದು ಅನಸೂಯಾ ಅವರ ಜೊತೆ ತಾನೂ ಹೊರಟ. ಕೈಗವಸು ಹಾಕಿದ ಬೆರಳಿಗೆ ಪರದೆಯ ಮೇಲಿನ ತನ್ನ ಪುಟ್ಟ ಗುಂಡಿಗಳು ಸಿಗುವುದಿಲ್ಲ ಎಂಬುದನ್ನು ಅಲ್ಲೇ ನಿಂತು ಕಂಡ. ಮರುವಾರ ಅವು ದೊಡ್ಡವಾಗಿದ್ದವು. "ಈಗ ಗ್ರ್ಯಾಂಡ್, ಸರಿಹೋಯ್ತು!" ಎಂದು ಹಿರಿಯ ನರ್ಸ್ ಅವನ ಬೆನ್ನು ತಟ್ಟಿದರು.

ಮೂರು ತಿಂಗಳಾದ ಮೇಲೆ ಎಲ್ಲ ವಾರ್ಡುಗಳೂ ಅದನ್ನು ಬಳಸುತ್ತಿದ್ದವು. ಉಳಿದರ್ಧವೂ ಬಂತು. ಶಶಾಂಕ್‌ಗೆ ಹಿಂದಿನ ಸಲಕ್ಕಿಂತ ಕಡಿಮೆ ಸಿಕ್ಕಿತು. ಅದನ್ನವನು ಹೇಳದೆ ಬಿಡಲಿಲ್ಲ. ಆದರೆ ಮುಂದಿನ ಕೆಲಸಕ್ಕೆ ಅನಸೂಯಾ ಮೊದಲ ದಿನದಿಂದಲೇ ಬೇಕೆಂದು ಪಟ್ಟು ಹಿಡಿದವನೂ ಅವನೇ. ನರ್ಸ್‌ಗಳಿಗೆ ಕಲಿಸಲು ಅನಸೂಯಾ ಈಗ ಇನ್ನಿಬ್ಬರನ್ನು ತಯಾರು ಮಾಡುತ್ತಿದ್ದಾರೆ.

ನಿಯಮದಲ್ಲಿ ತಿದ್ದುವುದು ಇನ್ನೂ ಇದೆ. ನಡುವೆ ಕೆಲಸ ಬಿಟ್ಟವರ ಪಾಲೇನು ಎಂಬುದು ಬಗೆಹರಿದಿಲ್ಲ. ಸೋಮವಾರ ಅದರ ಚರ್ಚೆ. ಈ ಸಲ ಫರ್ಹಾ ಮೊದಲೇ ಏನನ್ನೂ ಬರೆದುಕೊಂಡಿಲ್ಲ.