ಸೊರಬಕ್ಕೆ ಎರಡನೇ ದಾರಿ

ಮನೆಮನೆಗೆ ಡಿಶ್ ಬಂದ ಮೇಲೆ ಶಿಕಾರಿಪುರದ ಕೊಟ್ರೇಶನ ಕೇಬಲ್ ಟಿ.ವಿ. ವ್ಯವಹಾರ ಮಲಗಿತು. ಅವನು ಫೈಬರ್ ಲೈನ್ ಎಳೆಯುವ ಗುತ್ತಿಗೆಗೆ ಇಳಿದ. ಅಂಗಡಿ ಮನೆತನದವನು, ಮಾತಿನಲ್ಲಿ ಚುರುಕು. ಕೆಲಸಕ್ಕೆ ಏನಾದರೂ ಅಡ್ಡ ಬಂದರೆ ಅದರ ಜೊತೆ ಗುದ್ದಾಡುತ್ತಿರಲಿಲ್ಲ. ಪಕ್ಕದಿಂದ ನುಸುಳಿ ಮುಗಿಸಿಬಿಡುತ್ತಿದ್ದ. ಈ ಗುಣ ಕಂಡೇ ಇಂಟರ್‌ನೆಟ್ ಕಂಪನಿಯೊಂದು ಶಿಕಾರಿಪುರದಿಂದ ಸೊರಬಕ್ಕೆ ಎರಡನೇ ಲೈನು ಎಳೆಯುವ ಕೆಲಸವನ್ನು ಅವನಿಗೆ ವಹಿಸಿತು.

ಮೊದಲನೇ ಲೈನು ದೊಡ್ಡ ರಸ್ತೆಯ ಬದಿಯಲ್ಲಿತ್ತು. ಅದು ಎಲ್ಲಾದರೂ ತುಂಡಾದರೆ ಸಂಪರ್ಕ ನಿಲ್ಲಬಾರದೆಂದು ಇನ್ನೊಂದನ್ನು ಬಳ್ಳಿಗಾವಿ, ಕುಬಟೂರು, ಕುಪ್ಪಗಡ್ಡೆ ಬಳಸಿಕೊಂಡು ತರಬೇಕಿತ್ತು. ಒಂದು ಕಡಿದುಹೋದರೆ ಎಲ್ಲವೂ ತಾನಾಗಿ ಇನ್ನೊಂದಕ್ಕೆ ತಿರುಗಿಕೊಳ್ಳುತ್ತದೆ. ಎರಡೂ ದಾರಿಯಲ್ಲಿ ಎಲ್ಲಿಯೂ ಕೂಡಬಾರದು, ಅಷ್ಟೇ.

ಕುಪ್ಪಗಡ್ಡೆಯವರೆಗೆ ಕೆಲಸ ಸಲೀಸಾಗಿ ನಡೆಯಿತು. ಮುಂದೆ ರಸ್ತೆ ಕಿರಿದು, ಗದ್ದೆಯ ಬದುವಿನ ಮೇಲೇ ಅಗೆಯಬೇಕು. ಆ ಗದ್ದೆಯ ಒಡತಿ ಹುಚ್ಚಮ್ಮ, ಬದುವಿಗೆ ಗುದ್ದಲಿ ಹಾಕಕೂಡದು ಎಂದಳು. ಕೊಟ್ರೇಶ ಕಾರಣ ಕೇಳಲಿಲ್ಲ. ಲೈನನ್ನು ದೊಡ್ಡ ರಸ್ತೆಗೇ ತಿರುಗಿಸಿ, ಸೊರಬಕ್ಕೆ ಮುಂಚೆ ಸಿಗುವ ಹಳ್ಳದ ಸೇತುವೆಯನ್ನು ಮೊದಲನೇ ಲೈನಿನ ಪೈಪಿನಲ್ಲೇ ದಾಟಿಸಿದ. ಇಷ್ಟು ದೂರ ಬೇರೆ ಬೇರೆ ಬಂದವು, ನಾಲ್ಕು ಮಾರು ಜೊತೆಗೆ ಹೋದರೆ ಏನಾದೀತು ಎಂದುಕೊಂಡ. ಕಂಪನಿಯ ಇಂಜಿನಿಯರ್ ನಾಗೇಶನೂ ತಲೆಯಾಡಿಸಿದ.

ಮರುವರ್ಷ ಹಳ್ಳದ ಹೂಳೆತ್ತಲು ಬಂದ ಜೆಸಿಬಿ ಸೇತುವೆಯ ಪೈಪನ್ನೇ ಕಿತ್ತುಹಾಕಿತು. ಎರಡೂ ಲೈನು ಒಟ್ಟಿಗೆ ಹೋದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವ ಯಂತ್ರ ಸುಮ್ಮನಾಯಿತು, ಬ್ಯಾಂಕಿನವರು ಕೈ ಕಟ್ಟಿ ಕೂತರು. ಕೊಟ್ರೇಶ ಸೇತುವೆಯ ಕೆಳಗೆ ಕೂದಲಿನಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯುತ್ತಿದ್ದಾಗ ಆಸ್ಪತ್ರೆಯ ನರ್ಸ್ ಶ್ರೀಲತಾ ಸ್ಕೂಟಿಯಲ್ಲಿ ಬಂದಳು. ಎದೆನೋವಿನವರೊಬ್ಬರ ಇಸಿಜಿಯನ್ನು ಶಿವಮೊಗ್ಗದ ಡಾಕ್ಟರಿಗೆ ಕಳಿಸಲಾಗದೆ, ರೋಗಿಯನ್ನೇ ಗಾಡಿಯಲ್ಲಿ ಸಾಗಿಸಿದ್ದರು.

"ಎರಡು ಲೈನಿದೆ ಅಂದಿದ್ರಲ್ರೀ, ಇನ್ನೊಂದು ಎಲ್ಲಿದೆ?" ಎಂದಳು.

ಕೊಟ್ರೇಶ ಹರಿದ ಅದೇ ಪೈಪನ್ನು ತೋರಿಸಿದ. ಅವಳು ಸ್ಕೂಟಿ ತಿರುಗಿಸಿಕೊಂಡು ಹೊರಟುಹೋದಳು. ಆ ರೋಗಿ ಉಳಿದರೆಂದು ಅವನಿಗೆ ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅವನಿಗೆ ಅನ್ನ ಸೇರಲಿಲ್ಲ.

ವಾರ ಕಳೆಯುವುದರೊಳಗೆ ಅವನು ಹುಚ್ಚಮ್ಮನ ಕಣದ ಮುಂದೆ ನಿಂತಿದ್ದ. ಈ ಸಲ ಕಾರಣ ಕೇಳಿದ. ಅವಳು ಮುಚ್ಚುಮರೆ ಮಾಡಲಿಲ್ಲ. ಹಿಂದೆ ನೀರಿನ ಪೈಪ್ ಹಾಕಲು ಬಂದವರು ಬದು ಅಗೆದು, ಸಡಿಲ ಮಣ್ಣು ತುಂಬಿ ಹೋಗಿದ್ದರಂತೆ. ಮೊದಲ ಮಳೆಗೇ ಬದು ಒಡೆದು ಸಸಿಮಡಿ ಕೊಚ್ಚಿಕೊಂಡು ಹೋಗಿತ್ತು.

"ಕೊಯ್ಲು ಆಗ್ಲಿ, ಆಮೇಲೆ ಅಗಿ. ಆದ್ರೆ ಮಣ್ಣು ಗಟ್ಟಿಯಾಗೋ ತನಕ ನೀನೇ ನಿಂತಿರ್ಬೇಕು ಮಾರಾಯ," ಎಂದಳು.

ಅವನು ಒಪ್ಪಿದ. ಕೊಯ್ಲು ಮುಗಿದ ಮೇಲೆ ಬದುವಿನಲ್ಲಿ ಕಾಲುವೆ ಅಗೆಸಿ, ಎರಡನೇ ಲೈನನ್ನು ಸೇತುವೆಯಿಂದ ಬಿಡಿಸಿ ಅಲ್ಲಿಗೆ ಇಳಿಸಿದ. ಮಣ್ಣನ್ನು ಪದರ ಪದರವಾಗಿ ಹಾಕಿಸಿ, ನೀರು ಚಿಮುಕಿಸಿ, ಆಳುಗಳ ಜೊತೆ ತಾನೂ ದಿಮ್ಮಸು ಹಿಡಿದು ಬಡಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹುಚ್ಚಮ್ಮ ಬದುವಿನ ಉದ್ದಕ್ಕೂ ಕಾಲಿಂದ ತುಳಿದು ನೋಡಿದಳು, ಎರಡು ಕಡೆ ಮತ್ತೆ ಬಡಿಸಿದಳು. ಆ ಮಳೆಗಾಲದಲ್ಲಿ ಬದು ನೀರು ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವವರು ಮೊದಲನೇ ಲೈನನ್ನು ಕಡಿದರು. ಸೊರಬದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರೂ ಫೋನ್ ಮಾಡಲಿಲ್ಲ. ನಾಗೇಶ ಮಾತ್ರ, ಸಂಜೆಯೊಳಗೆ ಬೆಸೆದು ಮುಗಿಸಲು ಆಗುತ್ತದೆಯೇ ಎಂದು ಕೇಳಿದ.

"ನಾಳೆ ಆದ್ರೂ ನಡೀತೈತಿ ಬಿಡ್ರೀ," ಎಂದ ಕೊಟ್ರೇಶ, ರಸ್ತೆಬದಿಯ ಹೋಟೆಲಿಗೆ ಊಟಕ್ಕೆ ಹೋದ.