ಹಿಂದುಗಡೆ ನಿಲ್ಲಿಸಿದ ಜನರೇಟರು

ನಮ್ಮ ಕಸುಬಿನವರನ್ನು ಯಾರೂ ಮುಂದೆ ನಿಲ್ಲಿಸುವುದಿಲ್ಲ. ಪೆಂಡಾಲಿನವನಿಗೆ ಬಾಗಿಲಲ್ಲೇ ಜಾಗ, ಮೈಕ್‌ಸೆಟ್ಟಿನವನಿಗೆ ವೇದಿಕೆ ಪಕ್ಕ ಜಾಗ, ಅಡುಗೆಯವರಿಗೆ ಪರದೆ ಕಟ್ಟಿದ ಜಾಗ. ಜನರೇಟರಿನವನು ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಿಂದ್ಗಡೆ ತಗೊಂಡೋಗಪ್ಪ, ಸದ್ದು ಕೇಳಬಾರ್ದು, ಹೊಗೆ ಬರಬಾರ್ದು." ಇಪ್ಪತ್ತೆರಡು ವರ್ಷ ಚನ್ನಪಟ್ಟಣ, ಕುದೂರು, ಕನಕಪುರ, ರಾಮನಗರ ಅಂತ ಸುತ್ತಿ ನಾನು ಕಂಡಿದ್ದು ಫಂಕ್ಷನ್ನುಗಳ ಹಿಂಭಾಗ ಮಾತ್ರ. ಗೋಡೆ, ಚರಂಡಿ, ತಿಪ್ಪೆ, ಉಂಡು ಎಸೆದ ಎಲೆ. ಯಾರ ಮದುವೆ, ಯಾರಿಗೆ ಸನ್ಮಾನ ಅಂತ ಎಷ್ಟೋ ಸಲ ನನಗೆ ಗೊತ್ತೇ ಆಗಿಲ್ಲ. ಊಟ ಮಾತ್ರ ತಪ್ಪದೆ ಬರುತ್ತಿತ್ತು, ತಣ್ಣಗಾಗಿ.

ಈಗ ಸೊಂಟ ಹೋಗಿದೆ. ಕಿವಿ ಮುಕ್ಕಾಲು ಹೋಗಿದೆ. ಹೆಂಡತಿ ಏನಾದರೂ ಕೇಳಿದರೆ ಎರಡು ಸಲ "ಆಂ?" ಅನ್ನಬೇಕು, ಮೂರನೇ ಸಲಕ್ಕೆ ಅವಳೇ "ಏನಿಲ್ಲ ಬುಡಿ" ಅಂತ ಎದ್ದು ಹೋಗುತ್ತಾಳೆ. ಡೀಸೆಲ್ ಹೊಗೆ ಕುಡಿದು ಕುಡಿದು ಮೂಗೂ ಸತ್ತಿದೆ, ಸಾರು ಹಳಸಿದ್ದರೂ ತಿಳಿಯುವುದಿಲ್ಲ. ಉಳಿದಿರೋದು ಎಂಜಿನ್ ಸದ್ದು ಗುರುತು ಹಿಡಿಯುವ ವಿದ್ಯೆ ಒಂದೇ. ಸದ್ದು ಒಸಿ ಭಾರವಾದರೆ ಸಾಕು, ಯಾರೋ ಎಲ್ಲೋ ನನಗೆ ಹೇಳದೆ ಏನೋ ಸಿಕ್ಕಿಸಿದ್ದಾರೆ ಅಂತ ಅರ್ಥ.

ಅದು ನಮ್ಮ ಕಡೆಯ ಪದ್ಧತಿಯೇ ಬಿಡಿ. ನಾನು ಮೂರು ಲೈನ್ ಎಳೆಯುತ್ತಿದ್ದೆ. ಮೈಕು ಮತ್ತು ವಾದ್ಯದವರಿಗೆ ಒಂದು, ಲೈಟು ಫ್ಯಾನಿಗೆ ಒಂದು, ಅಡುಗೆಯವರ ಗ್ರೈಂಡರಿಗೆ ಒಂದು. ಮೂರಕ್ಕೂ ಸಮನಾಗಿ ಹೊರೆ ಹಂಚಿ ಒಂದು ಬೀಡಿ ಹಚ್ಚುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಪ್ಲಗ್ ಹಿಡಿದುಕೊಂಡು ಬರುವರು. "ಒಂದೇ ಒಂದು ಲೈಟಣ್ಣ." ಒಂದು ಲೈಟಂತೆ. ಹೋಗಿ ನೋಡಿದರೆ ಒಳಗೆ ಮಿಕ್ಸಿ, ಟೀವಿ, ಮೋಟಾರು. ನಾನು ಕಿತ್ತು ಬಿಸಾಡುತ್ತಿದ್ದೆ. ಬಾಯಿಗೆ ಬಂದದ್ದು ಬೈಯುತ್ತಿದ್ದೆ. ನನ್ನ ಬಾಯಿ ಕೆಟ್ಟದ್ದು ಅಂತ ನಾಲ್ಕು ತಾಲ್ಲೂಕಿಗೂ ಗೊತ್ತಿತ್ತು. ಆದರೂ ಕರೆಯುತ್ತಿದ್ದರು, ಯಾಕೆಂದರೆ ಕಾರ್ಯಕ್ರಮದ ನಡುವೆ ನನ್ನ ಮಿಷನ್ನು ಒಂದು ಸಲವೂ ನಿಂತಿರಲಿಲ್ಲ. ನನಗೆ ಇದ್ದ ಹೆಮ್ಮೆ ಅದೊಂದೇ.

ವಿರೂಪಾಕ್ಷಿಪುರದ ಕಡೆ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಗೆ ಹೊಸ ಕಟ್ಟಡ ಕಟ್ಟಿಸಿ ಉದ್ಘಾಟನೆ ಇಟ್ಟುಕೊಂಡಿದ್ದರು. ಭಾಷಣ, ವಾದ್ಯಗೋಷ್ಠಿ, ಊಟ, ಎಲ್ಲ ಹಗಲಲ್ಲೇ. ಅದೇ ದಿನ ಲೈನ್ ಕೆಲಸ ಅಂತ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ತೆಗೆದರು, ಬರೋದು ಸಂಜೆಗೆ ಅಂದರು. ಡೇರಿ ಅಧ್ಯಕ್ಷ ಕಟ್ಟಡದ ಹಿಂದಿನ ಓಣಿ ತೋರಿಸಿದ. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ, ಆ ಬಾಯಿ ಹೊಲದ ಕಡೆಗೆ. ಜನರೇಟರಿನ ಗಾಡಿ ಒಳಕ್ಕೆ ತಳ್ಳಿ, ಗೋಡೆಗೆ ಒತ್ತರಿಸಿ ನಿಲ್ಲಿಸಿ, ಕೇಬಲ್ ಬಿಗಿದು ಸ್ಟಾರ್ಟ್ ಮಾಡಿದೆ.

ಆಗಲೇ ಪಕ್ಕದ ಮನೆಯಿಂದ ಒಬ್ಬ ಹೆಂಗಸು ವೈರ್ ಹಿಡಿದುಕೊಂಡು ಬಂದಳು. "ಅಣ್ಣಾ, ಒಂದು ಪಾಯಿಂಟ್ ಕೊಡ್ತೀರಾ?"

"ಯಾಕೆ, ಧಾರಾವಾಹಿ ತಪ್ಪೋಗ್ತದಾ?" ಅಂದೆ.

ಆಕೆ ಜಗಳಕ್ಕೆ ಬರಲಿಲ್ಲ. "ನಮ್ಮತ್ತೆಗೆ ಉಸ್ರಾಡೋ ಮಿಷನ್ ಇಟ್ಟಿದೀವಣ್ಣ. ಕರೆಂಟ್ ಹೋದ್ರೆ ಅದೂ ನಿಂತೋಯ್ತದೆ. ಆಕ್ಸಿಜನ್ ಸಿಲಿಂಡರ್ ಐತೆ, ಖಾಲಿ. ನಮ್ಮನೆಯವ್ರು ತುಂಬಿಸ್ಕಂಡ್ ಬರಕ್ಕೆ ಹೋಗವ್ರೆ, ಇನ್ನೂ ಬಂದಿಲ್ಲ."

ನಾಚಿಕೆ ಆಯಿತು. ಅವಳ ಹಿಂದೆ ಒಳಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಅತ್ತೆ ಕೂತಿದ್ದಳು, ಎಪ್ಪತ್ತರ ಆಸುಪಾಸು. ಎರಡು ಕೈಯಲ್ಲೂ ಮಂಚದ ಅಂಚು ಹಿಡಿದಿದ್ದಳು, ತುಟಿ ನೀಲಿಗಟ್ಟಿತ್ತು. ಬೆರಳ ತುದಿಗಳು ಬಿಳಿಚಿಕೊಂಡು ಒಡೆದಿದ್ದವು. ಆ ಬೆರಳು ನೋಡಿದರೆ ಯಾರೂ ಹೇಳಬೇಕಾಗಿಲ್ಲ, ರೇಷ್ಮೆ ಬಿಚ್ಚುವ ಮನೆಯಲ್ಲಿ ಕುದಿಯೋ ನೀರಿಗೆ ಕೈಯಿಟ್ಟು ಗೂಡು ಬಿಚ್ಚಿದ ಕೈ ಅದು. ನಮ್ಮವ್ವನ ಕೈಯೂ ಹಾಗೇ ಇತ್ತು. ಆ ಹಬೆ, ಆ ಸೌದೆ ಹೊಗೆ ಎಲ್ಲ ಒಳಕ್ಕೆ ಹೋಗಿ ಇವಳ ಶ್ವಾಸಕೋಶ ಮುಗಿದಿತ್ತು. ಮಂಚದ ಪಕ್ಕ ಚಕ್ರವಿದ್ದ ಒಂದು ಪೆಟ್ಟಿಗೆ, ಅದರಿಂದ ಮೂಗಿಗೆ ಒಂದು ಸಣ್ಣ ಪೈಪು.

ಅಡುಗೆಯವರ ಲೈನಿನಲ್ಲಿ ಕೊಟ್ಟರೆ ಗ್ರೈಂಡರ್ ಹಾಕಿದಾಗೆಲ್ಲ ವೋಲ್ಟೇಜ್ ಬಿದ್ದುಹೋಗುತ್ತದೆ. ಅದಕ್ಕೆ ಮೈಕಿನ ಲೈನಿನಿಂದಲೇ ಎಳೆದುಕೊಟ್ಟೆ. ಪೆಟ್ಟಿಗೆ ಬುಸ್ ಬುಸ್ ಅಂತ ಶುರುವಾಯಿತು. ಹತ್ತು ನಿಮಿಷಕ್ಕೆ ಅವಳ ಕೈ ಒಸಿ ಸಡಿಲವಾಯಿತು. ಹೊರಗಿನ ಎಂಜಿನ್ ಸದ್ದಿನ ಕಡೆ ಮುಖ ತಿರುಗಿಸಿ, "ಅದು ನಿಂತ್ರೆ ಇದೂ ನಿಂತೋಯ್ತದಾ ಮಗಾ?" ಅಂದಳು.

"ಅದು ನಿಲ್ಲೋ ಮಿಷನ್ ಅಲ್ಲ ಕಣವ್ವ. ಸದ್ದು ಕೇಳ್ತಾ ಇರೋಗಂಟ ಏನೂ ಭಯ ಬ್ಯಾಡ" ಅಂದೆ. ಯಾವ ಬಾಯಲ್ಲಿ ಅಂದೆನೋ.

ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಹಾರ, ಶಾಲು. ಒಂದು ಗಂಟೆ ಕಳೆದಿರಬಹುದು, ಸೊಸೆ ಓಡಿ ಬಂದಳು. ಪೆಟ್ಟಿಗೆ ಓಡುತ್ತಲೇ ಇದೆ, ಆದರೂ ಅತ್ತೆಗೆ ಉಸಿರು ಸಾಲುತ್ತಿಲ್ಲ ಅಂದಳು. ಹೋಗಿ ವೋಲ್ಟೇಜ್ ನೋಡಿದೆ, ಸರಿಯಾಗಿತ್ತು. ಪ್ಲಗ್ ಬದಲಾಯಿಸಿದೆ. ಪೈಪ್ ಮಡಚಿಕೊಂಡಿದೆಯೇನೋ ಅಂತ ಸವರಿ ನೋಡಿದೆ. ಎಲ್ಲ ಸರಿ ಇತ್ತು, ಅವಳು ಮಾತ್ರ ದಡದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಳು. ವೇದಿಕೆ ಪಕ್ಕದಲ್ಲಿದ್ದ ಮೈಕ್‌ಸೆಟ್ಟಿನ ಗೆಳೆಯನನ್ನು ಕೂಗಿ ಕರೆದೆ. ಅವನು ಬಾಗಿಲಿಗೆ ಬಂದವನೇ ಕೆಮ್ಮಿ ಟವಲನ್ನು ಮೂಗಿಗೆ ಹಿಡಿದ.

"ಲೇ, ಮೂಗೈತೇನ್ಲಾ ನಿಂಗೆ? ಮನೆ ತುಂಬ ಡೀಸೆಲ್ ಹೊಗೆ ಕಣ್ಲಾ."

ಹೊಗೆ ಬರುತ್ತದೆ ಅಂತ ಸೊಸೆ ಓಣಿ ಕಡೆಯ ಕಿಟಕಿ ಮುಚ್ಚಿದ್ದಳು. ಆದರೆ ಅದರ ಮೇಲಿನ ಗವಾಕ್ಷಿಗೆ ಬಾಗಿಲೇ ಇರಲಿಲ್ಲ, ಅದರ ಕೆಳಗೇ ನನ್ನ ಸೈಲೆನ್ಸರ್ ಇತ್ತು. ಓಣಿಯಿಂದ ಹೊರಕ್ಕೆ ಹೋಗಲಾರದ ಹೊಗೆಯೆಲ್ಲ ಆ ಮನೆಗೆ ನುಗ್ಗುತ್ತಿತ್ತು. ಆ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಎಳೆದು ಅವಳ ಮೂಗಿಗೆ ಕೊಡೋದು. ಕರೆಂಟು ಕೊಟ್ಟವನೂ ನಾನೇ, ಹೊಗೆ ಕೊಟ್ಟವನೂ ನಾನೇ. ಡೇರಿಯ ಹಿಂದುಗಡೆ ಅಂತ ನಿಲ್ಲಿಸಿದ್ದೆ, ಅದು ಇವಳ ತಲೆದಿಂಬಿನ ಹತ್ತಿರ ಅಂತ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಮನೆಗಳಿಗೆ ಹೀಗೆ ಮಾಡಿದ್ದೆನೋ ದೇವರೇ ಬಲ್ಲ.

ಅವಳನ್ನು ಎತ್ತಿಕೊಂಡು ಹೋಗೋಣ ಅಂದರೆ ಮುಟ್ಟಿದರೇ ಉಸಿರು ಕಟ್ಟುತ್ತಿತ್ತು. ಇದ್ದ ದಾರಿ ಒಂದೇ, ಮಿಷನ್ನು ನಿಲ್ಲಿಸಿ, ಕೇಬಲ್ ಕಳಚಿ, ಗಾಡಿಯನ್ನು ಓಣಿಯಾಚೆ ಹೊಲದ ಬದುವಿಗೆ ತಳ್ಳಿ, ಇನ್ನೊಂದು ಕೇಬಲ್ ಸೇರಿಸಿ ಮತ್ತೆ ಹಚ್ಚಬೇಕು. ಕಾಲು ಗಂಟೆಯಾದರೂ ಬೇಕು. ಅಷ್ಟೊತ್ತೂ ಆ ಪೆಟ್ಟಿಗೆ ನಿಂತಿರುತ್ತದೆ.

ಅಷ್ಟರಲ್ಲಿ ಅಧ್ಯಕ್ಷ ಬಂದ. ಹೇಳಿದೆ. "ತಲೆ ನೆಟ್ಟಗೈತೇನಯ್ಯಾ? ಗೆಸ್ಟು ಈಗ ತಾನೇ ಮೈಕ್ ಹಿಡ್ಕಂಡವ್ರೆ. ಒಂದರ್ಧ ಗಂಟೆ ತಡ್ಕೊ" ಅಂದ.

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಅರ್ಧ ಗಂಟೆ ತಾನೆ. ನಡುವೆ ನಿಲ್ಲಿಸಿದವನು ಅನ್ನೋ ಕೆಟ್ಟ ಹೆಸರು ಯಾಕೆ ಬೇಕು. ಹೀಗೆ ಯೋಚನೆ ಮಾಡಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ ಆಗುತ್ತದೆ. ಒಳಗೆ ಹೋಗಿ, "ಅವ್ವ, ಕಾಲು ಗಂಟೆ ನಿಲ್ಲಿಸ್ಬೇಕು, ತಡ್ಕತೀಯಾ?" ಅಂದೆ. ಅವಳಿಗೆ ಮಾತಾಡಲು ಆಗಲಿಲ್ಲ. ನನ್ನ ಮುಖ ನೋಡಿ ಆಗಲಿ ಅಂತ ತಲೆ ಆಡಿಸಿದಳು.

ಸೊಸೆಗೆ ಹೇಳಿದೆ: "ಕಿಟಕಿ ತೆಗೆದು ಅಲ್ಲೇ ನಿಂತ್ಕೊಳಮ್ಮ. ಅಷ್ಟು ದೂರಕ್ಕೆ ನೀನು ಕೂಗಿದ್ರೆ ನಂಗೆ ಕೇಳ್ಸಕಿಲ್ಲ. ಅವ್ವಂಗೆ ಉಸ್ರು ಆಡ್ತಾ ಇರೋಗಂಟ ಒಂದು ಕೈ ಮೇಲೆತ್ತಿ ಹಿಡ್ಕೊಂಡಿರು. ಕೈ ಇಳಿಸ್ದೆ ಅಂದ್ರೆ ಎಲ್ಲ ಬುಟ್ಟು ಓಡ್ಬತ್ತೀನಿ."

ಮಿಷನ್ನು ನಿಲ್ಲಿಸಿದೆ. ಪೆಂಡಾಲಿನಿಂದ ಸಿಳ್ಳೆ ಬಂತಂತೆ, ಬೈಗುಳ ಬಂತಂತೆ, ನನಗೆ ಕೇಳಲಿಲ್ಲ. ನಾನು, ಗೆಳೆಯ, ಇಬ್ಬರು ಅಡುಗೆಯವರು ಸೇರಿ ಗಾಡಿ ತಳ್ಳಿದೆವು. ಒಂದು ಚಕ್ರ ಚರಂಡಿಗೆ ಇಳಿಯಿತು. ಹೆಗಲು ಕೊಟ್ಟು ಎತ್ತಿದೆವು, ಸೊಂಟದಲ್ಲಿ ಏನೋ ಚಳಕ್ ಅಂದಿತು. ಪ್ರತಿ ಹೆಜ್ಜೆಗೂ ನಾನು ಹಿಂದಿರುಗಿ ಕಿಟಕಿ ನೋಡುತ್ತಿದ್ದೆ. ಹಸಿರು ಬಳೆಯ ಕೈ ಮೇಲಿತ್ತು. ಕೇಬಲ್ ಸೇರಿಸುವಾಗ ನಟ್ಟು ಎರಡು ಸಲ ಮಣ್ಣಿಗೆ ಬಿತ್ತು. ಕಿಟಕಿಯ ಕೈ ಸೋತು ವಾಲಿತ್ತು, ಆದರೂ ಮೇಲಿತ್ತು. ಹ್ಯಾಂಡಲ್ ಹೊಡೆದೆ, ಹಿಡಿಯಲಿಲ್ಲ. ಇನ್ನೊಮ್ಮೆ ಹೊಡೆದೆ, ಹಿಡಿಯಿತು.

ಓಡಿಹೋಗಿ ನೋಡಿದೆ. ಪೆಟ್ಟಿಗೆ ಬುಸ್ ಬುಸ್ ಅನ್ನುತ್ತಿತ್ತು. ಅವಳ ಮೈಯೆಲ್ಲ ಬೆವರಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಸ್ವಲ್ಪ ಸ್ವಲ್ಪವೇ ಏದುಸಿರು ಇಳಿಯಿತು. ಕಿಟಕಿಯಿಂದ ಹೊಲದ ಗಾಳಿ ಬರುತ್ತಿತ್ತು. ಅಧ್ಯಕ್ಷ ಆಮೇಲೆ ನನ್ನ ಮುಖ ನೋಡಲಿಲ್ಲ, ಊಟವೂ ಬರಲಿಲ್ಲ. ಹಸಿವೂ ಇರಲಿಲ್ಲ ಬಿಡಿ.

ನಾಲ್ಕೂವರೆಗೆ ಕರೆಂಟ್ ಬಂತು. ಪೆಂಡಾಲ್ ಬಿಚ್ಚುತ್ತಿದ್ದರು. ಅವಳ ಪ್ಲಗ್ಗನ್ನು ಮನೆಯ ಲೈನಿಗೆ ಹಾಕಿ, ಎಲ್ಲ ಸರಿಯಿದೆ ಅಂತ ನೋಡಿ, ಬದುವಿಗೆ ಬಂದು ಮಿಷನ್ನು ಆಫ್ ಮಾಡಿ ಕೇಬಲ್ ಸುತ್ತತೊಡಗಿದೆ. ನಾಲ್ಕು ಸುತ್ತು ಆಗಿಲ್ಲ, ಸೊಸೆ ಮತ್ತೆ ಓಡಿ ಬಂದಳು.

ಒಳಗೆ ಹೋದರೆ ಪೆಟ್ಟಿಗೆ ಚೆನ್ನಾಗೇ ಓಡುತ್ತಿತ್ತು. ಹೊಗೆಯೂ ಇರಲಿಲ್ಲ. ಆದರೆ ಅವಳು ಮಂಚದ ಅಂಚು ಹಿಡಿದು ಬೆಳಿಗ್ಗೆಗಿಂತ ಹೆಚ್ಚಾಗಿ ಏದುಸಿರು ಬಿಡುತ್ತಿದ್ದಳು. "ನಿಂತೋಯ್ತಲ್ಲ ಮಗಾ. ನಿನ್ ಮಿಷನ್ ನಿಂತೋಯ್ತಲ್ಲ."

"ಕರೆಂಟ್ ಬಂದೈತೆ ಕಣವ್ವ, ನೋಡು, ಲೈಟ್ ಉರೀತಾ ಐತೆ." ಪೈಪನ್ನು ಅವಳ ಕೆನ್ನೆಗೆ ಹಿಡಿದು ಗಾಳಿ ತೋರಿಸಿದೆ. ಅವಳು ನಂಬಲಿಲ್ಲ. ಸದ್ದು ಇರೋಗಂಟ ಭಯ ಬ್ಯಾಡ ಅಂದವನು ನಾನು. ಮಧ್ಯಾಹ್ನ ಸದ್ದು ನಿಂತಾಗ ಉಸಿರು ಕಟ್ಟಿದ್ದನ್ನು ಅವಳೇ ಅನುಭವಿಸಿದ್ದಳು. ಇನ್ನು ನನ್ನ ಮಾತನ್ನು ಯಾಕೆ ನಂಬುತ್ತಾಳೆ.

ಬದುವಿಗೆ ಹೋಗಿ ಮತ್ತೆ ಹ್ಯಾಂಡಲ್ ಹೊಡೆದೆ. ಸೊಂಟ ಹರಿದುಹೋದಂತಾಯಿತು. ಎಂಜಿನ್ ಹಗುರವಾಗಿ ಓಡತೊಡಗಿತು. ಗೆಳೆಯ ಬಂದು ನೋಡಿ, "ಯಾರಿಗ್ಲಾ ಓಡಿಸ್ತಿದ್ದೀಯಾ? ಕೇಬಲ್ಲೇ ಕಳಚಿದ್ದೀಯಲ್ಲ" ಅಂದ.

"ಒಳಗವ್ಳಲ್ಲ, ಅವ್ವಂಗೆ" ಅಂದೆ. ಅವನೂ ನನ್ನ ಪಕ್ಕ ಬದುವಿನ ಮೇಲೆ ಕೂತುಕೊಂಡ.

ಅಷ್ಟರಲ್ಲಿ ಆ ಅವ್ವನ ಮಗ ತುಂಬಿದ ಸಿಲಿಂಡರ್ ತಂದ. ಅವಳಿಗೆ ಜೊಂಪು ಹತ್ತಿತು ಅಂತ ಸೊಸೆ ಕಿಟಕಿಯಿಂದ ಸನ್ನೆ ಮಾಡಿದಳು, ನಾನು ಹೇಳದೆಯೇ ಕೈ ಮೇಲೆತ್ತಿ ಹಿಡಿದಳು. ನಾನು ಎಂಜಿನ್ನಿನ ವೇಗವನ್ನು ಒಂದೊಂದೇ ಕೂದಲಷ್ಟು ಇಳಿಸುತ್ತಾ ಬಂದೆ. ಒಂದು ಸಲ ಇಳಿಸೋದು, ಕಿಟಕಿ ನೋಡೋದು. ಮತ್ತೆ ಇಳಿಸೋದು, ಮತ್ತೆ ನೋಡೋದು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಎಂಜಿನ್ ಎರಡು ಸಲ ಮುಲುಕಿ ಸುಮ್ಮನಾಯಿತು. ನಾನು ಉಸಿರು ಬಿಗಿಹಿಡಿದು ಕಿಟಕಿ ನೋಡಿದೆ. ಹಸಿರು ಬಳೆಯ ಕೈ ಇಳಿಯಲಿಲ್ಲ.