ಹೋಳಿಗೆ ಕಂಪನಿಯ ಲಾಭ

ಕೂತಲ್ಲಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೆಲ್ಬರ್ನ್‌ನ ಆ ಆಫೀಸಿನಲ್ಲಿ ಕಾದ ಅರ್ಧ ಗಂಟೆಯಲ್ಲಿ ಎರಡು ಸಲ ನೀರು ಕುಡಿದೆ, ನಾಲ್ಕು ಸಲ ಎದ್ದು ಕಿಟಕಿಯಿಂದ ಟ್ರಾಮ್ ನೋಡಿದೆ, ಹೋಳಿಗೆ ಡಬ್ಬಿಯನ್ನು ತೊಡೆಯಿಂದ ಕುರ್ಚಿಗೆ, ಕುರ್ಚಿಯಿಂದ ತೊಡೆಗೆ ಎತ್ತಿಟ್ಟೆ. ರಿಸೆಪ್ಷನ್‌ನಲ್ಲಿದ್ದವಳು ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ಮ್ಯಾಗಜೀನ್ ತಂದು ಕೈಗಿತ್ತಳು.

ನಾನು ಹೋಗಿದ್ದು ದುಡ್ಡು ಕೇಳಲು. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಬಾಡಿಗೆಗೆ ಹಿಡಿದ ಅಡುಗೆಮನೆಯಲ್ಲಿ ಆರು ವರ್ಷಗಳಿಂದ ಹೋಳಿಗೆ ಮಾಡಿ, ಫ್ರೀಜ್ ಮಾಡಿ, ಇಂಡಿಯನ್ ಅಂಗಡಿಗಳಿಗೆ ಹಾಕುತ್ತಿದ್ದೆ. ಆ ವರ್ಷ ಮೆಲ್ಬರ್ನ್ ಕಡೆಯ ಒಂದು ಸೂಪರ್‌ಮಾರ್ಕೆಟ್‌ನವರು ತಮ್ಮ ಎಲ್ಲ ಅಂಗಡಿಗಳಿಗೂ ಬೇಕು ಎಂದರು. ಅಷ್ಟು ಮಾಡಬೇಕೆಂದರೆ ದೊಡ್ಡ ಫ್ರೀಜರ್ ಕೋಣೆ ಬೇಕು, ಪ್ಯಾಕಿಂಗ್ ಮಷೀನ್ ಬೇಕು, ಇನ್ನಷ್ಟು ಜಾಗ ಬೇಕು. ಬ್ಯಾಂಕಿಗೆ ಹೋದರೆ ಮನೆ ಅಡ ಇಡಿ ಎಂದರು. ಮಾರ್ಸ್ಡನ್ ಪಾರ್ಕ್ ಬಡಾವಣೆಯ ನಮ್ಮ ಮನೆ ಆಗಲೇ ಮಾರ್ಟ್‌ಗೇಜ್ ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿತ್ತು. ಹೋಳಿಗೆಯನ್ನು ಅಡ ಇಡಲು ಬರುವುದಿಲ್ಲವಲ್ಲ!

ಮೆಲ್ಬರ್ನ್‌ನ ಈ ಫಂಡಿನ ವಿಷಯ ಹೇಳಿದವರು ನಮ್ಮ ಅಕೌಂಟೆಂಟ್. ಆಲ್ಟರ್ನೇಟಿವ್ ಇನ್ವೆಸ್ಟ್‌ಮೆಂಟ್ ಫಂಡ್ ಎಂಬ ಹೆಸರು ಕೇಳಿಯೇ ನನಗೆ ಅರ್ಧ ಜೀವ ಹೋಗಿತ್ತು. ಆದರೆ ಸಂಗತಿ ಸರಳ. ದುಡ್ಡಿರುವ ಕೆಲವರು ಒಟ್ಟುಗೂಡಿಸಿದ ಹಣವನ್ನು ಇಂಥ ಫಂಡಿನವರು ಷೇರು ಮಾರ್ಕೆಟ್ಟಿಗೆ ಒಯ್ಯದೆ ನಮ್ಮಂಥ ಸಣ್ಣ ಕಂಪನಿಗಳಲ್ಲಿ ತೊಡಗಿಸುತ್ತಾರೆ. ನಾನು ಹೋದ ಫಂಡ್ ಸಾಲ ಕೊಡುತ್ತಿರಲಿಲ್ಲ, ಪಾಲು ತೆಗೆದುಕೊಳ್ಳುತ್ತಿತ್ತು. ಕಂಪನಿ ಬೆಳೆದರೆ ಅವರ ದುಡ್ಡೂ ಬೆಳೆಯುತ್ತದೆ, ಮುಳುಗಿದರೆ ಅವರದೂ ಮುಳುಗುತ್ತದೆ. ಅದಕ್ಕೇ ಮನೆ ಪತ್ರ ಕೇಳುವುದಿಲ್ಲ. ಬದಲಿಗೆ ಕಂಪನಿಯ ಮೂಲೆ ಮೂಲೆಯನ್ನೂ ಜಾಲಾಡುತ್ತಾರೆ.

ಫಂಡಿನ ಪರವಾಗಿ ಮಾತಾಡಿದವಳು ನನ್ನದೇ ವಯಸ್ಸಿನ, ನರೆತ ತುಂಡುಗೂದಲಿನ ಹೆಂಗಸು. ಒಂದು ಹೋಳಿಗೆ ತಿಂದಳು, ಕೇಳದೆಯೇ ಇನ್ನೊಂದು ತಿಂದಳು. ಆಮೇಲೆ ನಮ್ಮ ಲೆಕ್ಕಪತ್ರ ನೋಡಿ, ಇಷ್ಟು ಸಣ್ಣ ಅಡುಗೆಮನೆಯಲ್ಲಿ ಇಷ್ಟೊಂದು ಲಾಭ ಹೇಗೆ ಸಾಧ್ಯ ಎಂದು ಹುಬ್ಬೇರಿಸಿದಳು. ನಾನು ಉಬ್ಬಿಹೋದೆ. ಮುಂದಿನ ವಾರ ಸಿಡ್ನಿಗೆ ಬಂದು ನೋಡುತ್ತೇನೆ ಎಂದಳು.

ಆ ವಾರವಿಡೀ ನಾನು ಮುಳ್ಳಿನ ಮೇಲೆ ಕೂತಂತಿದ್ದೆ. ತೊಳೆದ ಗೋಡೆಯನ್ನೇ ಮತ್ತೆ ತೊಳೆದೆ, ಅಂಗಡಿಗಳವರ ಫೋನಿಗೆ ಸಿಡುಕಿದೆ, ಮಗಳ ಟಿಫಿನ್ ಬಾಕ್ಸಿಗೆ ಬರೀ ಚಮಚ ಹಾಕಿ ಕಳಿಸಿದೆ.

ನಮ್ಮ ಅಡುಗೆಮನೆಯಲ್ಲಿ ಐದು ಜನ ಆಂಟಿಯರು. ನಾಲ್ವರು ಅಕ್ಕಪಕ್ಕದ ಬೀದಿಯವರು. ಐದನೆಯವರು ಎಲ್ಲರಿಗೂ ಹಿರಿಯರು, ಹಾಸನದವರು. ಮೊಮ್ಮಗನನ್ನು ನೋಡಿಕೊಳ್ಳಲು ಬಂದು, ಕಾಯಂ ಇರಲು ಪಿಆರ್ ಸಿಕ್ಕಿ, ಇಲ್ಲೇ ಮಗಳ ಮನೆಯಲ್ಲಿ ಉಳಿದವರು. ನನಗೆ ಕಣಕ ನಾದುವುದನ್ನು, ಹೂರಣ ಹದಕ್ಕೆ ತರುವುದನ್ನು ಕಲಿಸಿದವರೇ ಅವರು. ಶುರುವಿನಲ್ಲಿ ಒಂದು ದಿನ ಕಾರಿನಲ್ಲಿ ಮನೆಗೆ ಬಿಡುವಾಗ ಅವರ ಕೈಗೆ ಒಂದು ಕವರ್ ಕೊಡಲು ಹೋಗಿದ್ದೆ. "ಅಯ್ಯೋ ಬೇಡ ಕಣೇ, ದುಡ್ಡು ಕೊಟ್ಟು ದೂರ ಮಾಡ್ತೀಯಾ?" ಎಂದಿದ್ದರು. ನಾನು ಕವರನ್ನು ಬ್ಯಾಗಿಗೆ ಹಾಕಿಕೊಂಡೆ. ಅವರೇ ತೆಗೆದುಕೊಳ್ಳದ ಮೇಲೆ ಉಳಿದವರೂ ಎರಡು ಪ್ಯಾಕೆಟ್ ಹೋಳಿಗೆ, ಕಾಫಿ, ಹರಟೆಯಲ್ಲಿ ಖುಷಿಯಾಗಿದ್ದಾರೆಂದು ನಾನು ತಿಳಿದೆ. ಹಾಗೆ ಆರು ವರ್ಷ ಕಳೆಯಿತು.

ಫಂಡಿನ ಹೆಂಗಸು ಬಂದಳು. ತಲೆಗೆ ಬಲೆಟೋಪಿ ಹಾಕಿಕೊಂಡು ಹಿರಿಯ ಆಂಟಿ ಹೋಳಿಗೆ ತಟ್ಟುವುದನ್ನು ಬಹಳ ಹೊತ್ತು ನೋಡಿದಳು. ಇವರಿಗೆಲ್ಲ ಸಂಬಳ ಎಷ್ಟು ಎಂದು ಕೇಳಿದಳು. ಯಾರೂ ಒಂದು ಡಾಲರ್ ಕೂಡ ತೆಗೆದುಕೊಳ್ಳುವುದಿಲ್ಲ, ನಾವೆಲ್ಲ ಒಂದೇ ಮನೆಯವರಿದ್ದಂತೆ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಮೆಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ಅವಳ ಪೆನ್ನು ನಿಂತಿತು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು: ನೀವು ಲಾಭ ಎಂದು ತೋರಿಸಿರುವುದು ಈ ಐವರ ಸಂಬಳ. ಇಲ್ಲಿನ ಕಾನೂನಿಗೆ ಇದು ಒಪ್ಪುವುದಿಲ್ಲ. ಐವರನ್ನೂ ಕೆಲಸಕ್ಕೆ ನೇಮಿಸಿಕೊಂಡು ಅವರ ಸಹಿ ತನ್ನಿ, ಹಿಂದಿನ ವರ್ಷಗಳದ್ದನ್ನು ನಿಮ್ಮ ಕೈಯಿಂದ ಕೊಡಿ. ಆಮೇಲೂ ಕಂಪನಿ ನಿಲ್ಲುತ್ತದೆ ಅನಿಸಿದರೆ ಫಂಡ್ ಬರುತ್ತದೆ, ಇಲ್ಲವಾದರೆ ಇಲ್ಲ.

ನನಗೆ ಸಿಟ್ಟು ಬಂತು. ನಮ್ಮ ನಮ್ಮ ನಡುವಿನ ಬಳಕೆ ಇವಳಿಗೇನು ಗೊತ್ತು ಎಂದು ಮನೆಗೆ ಬಂದು ಕೂಗಾಡಿದೆ. "ಫ್ರೀಜರ್ ಮೊದ್ಲು ನಿನ್ನ ಬಾಯಿಗೆ ಹಾಕಿಸ್ಬೇಕಿತ್ತು," ಎಂದರು ನನ್ನ ಗಂಡ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಅವರ ಜೊತೆ ಎರಡು ದಿನ ಮಾತು ಬಿಟ್ಟೆ.

ಸೋಮವಾರ ಐವರಿಗೂ ನೇಮಕದ ಫಾರ್ಮುಗಳನ್ನು ಹಂಚಿದೆ. "ಅಯ್ಯೋ, ಇದೆಲ್ಲ ಯಾಕೆ?" ಎನ್ನುತ್ತಾರೆ, ನಾನು ಒಪ್ಪಿಸಬೇಕಾಗುತ್ತದೆ ಎಂದುಕೊಂಡಿದ್ದೆ. ನಾಲ್ವರೂ ಕೈ ತೊಳೆದು ಬಂದು, ನಿಂತಲ್ಲೇ ಸಹಿ ಹಾಕಿದರು. ಅಷ್ಟು ಬೇಗ ಹಾಕಿದ್ದು ನನ್ನನ್ನು ಎಲ್ಲೋ ಚುಚ್ಚಿತು. ಹಿರಿಯ ಆಂಟಿ ಮಾತ್ರ ಫಾರ್ಮ್ ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವರ ಕೈಯಿಲ್ಲದೆ ಹೋಳಿಗೆಗಳು ಅಂಚಿನಲ್ಲಿ ಒಡೆಯತೊಡಗಿದವು.

ಮೂರನೆಯ ದಿನ ಅವರ ಮನೆಗೆ ಹೋದೆ. ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು.

"ಆಂಟಿ, ಒಂದು ಸೈನ್ ಹಾಕಿದ್ರೆ ಎಲ್ಲಾ ಸರಿ ಹೋಗುತ್ತೆ," ಎಂದೆ.

"ಆ ಫಂಡಿನವಳು ಹೇಳಿದ್ಲು ಅಂತ ಕೊಡ್ತಿದ್ದೀಯ, ಅಲ್ವಾ?"

"ನಾನು ಮೊದ್ಲೇ ಕೊಟ್ಟಿದ್ನಲ್ಲ ಆಂಟಿ. ನೀವೇ ಬೇಡ ಅಂದ್ರಿ."

"ಅಂದೆ. ನೀನು ಒಂದ್ ಸಲ ಕೇಳ್ದೆ, ನಾನು ಬೇಡ ಅಂದೆ." ಅವರು ಫಾರ್ಮನ್ನು ನನ್ನ ಕಡೆಗೇ ದೂಡಿದರು. "ಮತ್ತೆ ಕೇಳಿದ್ಯಾ? ಮನೆಗೆ ಬಂದೋರಿಗೆ ಹೋಳಿಗೆ ಬಡಿಸೋವಾಗ ಎಷ್ಟು ಸಲ ಕೇಳ್ತೀಯೇ ನೀನು? ಬೇಡ ಬೇಡ ಅಂತ ಕೈ ಅಡ್ಡ ಹಿಡಿದ್ರೂ ಎಲೆಗೆ ಹಾಕ್ತೀಯ. ಆರು ವರ್ಷದಿಂದ ಟ್ರೇನ್ ಕಾರ್ಡಿಗೆ ದುಡ್ಡು ಹಾಕಿಸೋಕೂ ಅಳಿಯನ ಮುಖ ನೋಡ್ತಿದ್ದೀನಿ ಕಣೇ ನಾನು."

ಎಷ್ಟೋ ಮದುವೆ ಮನೆಗಳಲ್ಲಿ ಬಡಿಸಿದವಳು ನಾನು. ಮೊದಲನೆಯ "ಬೇಡ"ಕ್ಕೆ ಅರ್ಥವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಆ ಕವರನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ, ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ನಾಚಿಕೆಯಾಯಿತು. ಫಾರ್ಮನ್ನು ಮಡಚಿಕೊಂಡು ಎದ್ದು ಬಂದುಬಿಟ್ಟೆ.

ಮರುದಿನ ಮೆಲ್ಬರ್ನ್‌ನಲ್ಲಿ ಫಂಡಿನವರ ಜೊತೆ ಮೀಟಿಂಗ್. ಫಂಡಿನ ಹೆಂಗಸು ಆಗಲೇ ಸಾಕಷ್ಟು ಕೆಲಸ ಮಾಡಿಟ್ಟಿದ್ದಳು: ಹೊಸ ಜಾಗದ ನಕ್ಷೆ, ಫ್ರೀಜರ್ ಕೋಣೆಗೆ ಮೂರು ಕಡೆಯ ದರ, ಸೂಪರ್‌ಮಾರ್ಕೆಟ್‌ಗಳ ಜೊತೆ ವ್ಯವಹರಿಸುವುದನ್ನು ನನಗೆ ಕಲಿಸಲು ಒಪ್ಪಿದ ಒಬ್ಬ ನಿವೃತ್ತ ಮ್ಯಾನೇಜರ್. ಸಂಬಳವೆಲ್ಲ ಕಳೆದು ಹೊಸದಾಗಿ ಲೆಕ್ಕ ಹಾಕಿದ್ದಳು. ಲಾಭ ಬಡಕಲಾಗಿತ್ತು, ಆದರೂ ಇತ್ತು. ನಾನು ನಾಲ್ಕು ಫಾರ್ಮುಗಳನ್ನು ಮುಂದಿಟ್ಟೆ. ಐದನೆಯದು ಎಲ್ಲಿ ಎಂದಳು. ಇಲ್ಲ, ನನ್ನದೇ ತಪ್ಪು, ಅವರಿಲ್ಲದೆ ಈ ಕಂಪನಿಯನ್ನು ದೊಡ್ಡದು ಮಾಡಲು ನನಗೆ ಇಷ್ಟವಿಲ್ಲ ಎಂದೆ. ಎರಡು ವಾರ ಕಾಯುತ್ತೇವೆ ಎಂದಳು.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಆಂಟಿಯ ಮನೆಗೆ ಹೋದೆ. ಆರು ವರ್ಷದ ಸಂಬಳದ ಲೆಕ್ಕವನ್ನು ಅವರ ಮುಂದಿಟ್ಟೆ.

"ಇದು ಫಂಡಿನ ದುಡ್ಡಲ್ಲ ಆಂಟಿ, ನಂದು. ಹೊಸ ವ್ಯಾನ್‌ಗೆ ಅಂತ ಎತ್ತಿಟ್ಟಿದ್ದು. ಸಾಲದೆ ಬಂದದ್ದನ್ನ, ಉಳಿದ ನಾಲ್ವರದ್ದನ್ನೂ, ಕಂತಿನಲ್ಲಿ ತೀರಿಸ್ತೀನಿ. ತಗೊಳ್ಳಿ."

"ಬೇಡ."

"ತಗೊಳ್ಳಿ ಆಂಟಿ."

"ಬೇಡ ಬಿಡೇ," ಎಂದರು. ದನಿ ಸ್ವಲ್ಪ ಮೆತ್ತಗಾಗಿತ್ತು. ಎದ್ದು ಹೋಗಿ ಕಾಫಿ ಮಾಡಿದರು, ತಂದಿಟ್ಟರು, ನಾನು ಕುಡಿಯುವುದನ್ನು ನೋಡುತ್ತ ಕೂತರು. ನಾನೂ ಕೂತೇ ಇದ್ದೆ. ಬದುಕಿನಲ್ಲಿ ಅಷ್ಟು ಹೊತ್ತು ನಾನು ಸುಮ್ಮನೆ ಕೂತದ್ದು ಅದೇ ಮೊದಲು.

ಲೋಟ ಕೆಳಗಿಟ್ಟು ಮತ್ತೆ ಕೇಳಿದೆ.

ಅವರು ಲೆಕ್ಕದ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನನ್ನ ಹೆಸರಲ್ಲಿ ಅಕೌಂಟೇ ಇಲ್ವಲ್ಲೇ," ಎಂದರು.

"ಅದಕ್ಕೇನು, ನಾಳೆ ನಾನೇ ಬ್ಯಾಂಕಿಗೆ ಕರ್ಕೊಂಡ್ ಹೋಗ್ತೀನಿ."

ಆಂಟಿ ಗೋಡೆಯ ಗಡಿಯಾರ ನೋಡಿದರು. "ಇವತ್ತು ಎಷ್ಟು ಹೊತ್ತಿಗೆ ಮುಚ್ತಾರೆ?" ಎಂದು ಕೇಳುತ್ತಲೇ ಸೀರೆ ಬದಲಾಯಿಸಲು ಒಳಗೆ ಹೋದರು.